ಕಾಣೆಯಾದ ಆಜ್ಞೆ ಮತ್ತು ವಾರ್ಸಿತಿಯ ತಪ್ಪೊಪ್ಪಿಗೆ

ಸಿಂದೋರೋ ಬೆಟ್ಟದ ತಪ್ಪಲಿನ ಆ ಸಣ್ಣ ಪಟ್ಟಣದ ಹುಟ್ಟು-ಸಾವು ನೋಂದಣಿ ಕಚೇರಿಯಲ್ಲಿ ವಾರ್ಸಿತಿ ಇಪ್ಪತ್ತೆರಡು ವರ್ಷಗಳಿಂದ ತಾತ್ಕಾಲಿಕವಾಗಿ ಕೆಲಸ ಮಾಡುತ್ತಿದ್ದಳು. ಸೇರಿದಾಗ ಅವಳಿಗೆ ಇಪ್ಪತ್ತೊಂಬತ್ತು ವಯಸ್ಸು, ಟೈಪಿಸ್ಟ್ ಕೆಲಸ. ಮುಂದಿನ ವರ್ಷ ಕಾಯಂ ಮಾಡುತ್ತೇವೆ ಎಂದು ಆಗಿನ ಮುಖ್ಯಸ್ಥರು ಮಾತು ಕೊಟ್ಟಿದ್ದರು. ಅವರ ಹಿಂದೆ ಒಬ್ಬರಾದ ಮೇಲೊಬ್ಬರಂತೆ ಬಂದ ಐದು ಮುಖ್ಯಸ್ಥರೂ ಆ ಮಾತನ್ನು ಒಂದಕ್ಷರ ಬದಲಿಸದೆ ಉಳಿಸಿಕೊಂಡು ಬಂದರು. ಸರ್ಕಾರದಲ್ಲಿ ಇಷ್ಟು ಜತನವಾಗಿ ಕಾಪಾಡಿದ ವಸ್ತು ಬೇರೊಂದಿಲ್ಲ ಎಂದು ಅವಳು ಗಂಡನ ಹತ್ತಿರ ಹೇಳುತ್ತಿದ್ದಳು. ಗಂಡ ಗಿಯಾರ್ತೊ ಬಸ್ ನಿಲ್ದಾಣದ ಹತ್ತಿರ ತೆಂಪೆ ಎಂಬ ಸೋಯಾ ಬಿಲ್ಲೆಗಳನ್ನು ಅರಿಶಿನದ ಹಿಟ್ಟಿನಲ್ಲಿ ಅದ್ದಿ ಕರಿದು ಮಾರುವವನು. ಅವನ ಬಾಣಲೆಗೆ ಮಾತ್ರ ಯಾರ ಆದೇಶವೂ ಬೇಕಿರಲಿಲ್ಲ.

ಟೈಪ್‌ರೈಟರುಗಳು ಹೋಗಿ ಕಂಪ್ಯೂಟರ್ ಬಂದಾಗ, ಕಾಯಂ ಟೈಪಿಸ್ಟಾಗಿದ್ದ ಇನ್ನೊಬ್ಬನನ್ನು ತರಬೇತಿಗೆಂದು ಪ್ರಾಂತ್ಯದ ರಾಜಧಾನಿ ಸೆಮರಾಂಗಿಗೆ ಕಳಿಸಿದರು. ಅವನು ಒಂದು ಚೀಲ, ಒಂದು ಪ್ರಮಾಣಪತ್ರ ಮತ್ತು ಗುಂಪಿನ ಫೋಟೊ ತೆಗೆದುಕೊಂಡು ಬಂದ. ಕಂಪ್ಯೂಟರ್ ಕಲಿತವನು ಎಂಬ ಕಾರಣಕ್ಕೆ ಬಡ್ತಿ ಸಿಕ್ಕಿ, ಕಂಪ್ಯೂಟರೇ ಇಲ್ಲದ ಅರಣ್ಯ ಕಚೇರಿಗೆ ಹೋದ. ಕಲಿಯದ ವಾರ್ಸಿತಿ ಇಲ್ಲೇ ಉಳಿದಳು, ಕಂಪ್ಯೂಟರುಗಳೂ ಉಳಿದವು. ಹೀಗೆ ಅವು ಅವಳ ಪಾಲಿಗೆ ಬಂದವು.

ಮುಂದೆ ಕದ್ದ ತಂತ್ರಾಂಶಗಳನ್ನು ಯಾವ ಕಚೇರಿಯೂ ಇಟ್ಟುಕೊಳ್ಳಬಾರದು ಎಂದು ಮೇಲಿನಿಂದ ಸುತ್ತೋಲೆ ಬಂತು. ಕೊಂಡುಕೊಳ್ಳಿ ಎಂದು ಮಾತ್ರ ಯಾವ ಸುತ್ತೋಲೆಯೂ ಹೇಳಲಿಲ್ಲ. ಪಟ್ಟಣದ ಕಾಲೇಜು ಹುಡುಗರ ಗುಂಪೊಂದು ಎರಡು ಭಾನುವಾರ ಬಂದು, ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟು, ಅವಳ ಕೈಗೊಂದು ಪುಸ್ತಿಕೆ ಇಟ್ಟು ಹೋಯಿತು. ಅದನ್ನು ಅವಳು ದಿನವೂ ಮಿನಿಬಸ್ಸಿನಲ್ಲಿ ಕೂತು ಓದಿದಳು. ಮೊದಲ ವರ್ಷ ಅರ್ಧ ಅರ್ಥವಾಯಿತು, ಎರಡನೆಯ ವರ್ಷ ಉಳಿದರ್ಧ. ಪುಕ್ಕಟೆ ಬಂದದ್ದಕ್ಕೆ ಬೆಲೆಯಿಲ್ಲ ಎಂಬುದು ಕಚೇರಿಯವರ ಗಟ್ಟಿ ನಂಬಿಕೆಯಾದ್ದರಿಂದ, ಅದನ್ನೂ ಅವಳನ್ನೂ ಚಹಾ ಕಾಯಿಸುವ ಕೋಣೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಒಟ್ಟಿಗೆ ಕೂರಿಸಿದರು. ಅಲ್ಲಿಂದಲೇ ಪಟ್ಟಣದ ಅಷ್ಟೂ ಮಕ್ಕಳ ಜನನಪತ್ರ ಅಚ್ಚಾಗಿ ಹೊರಬೀಳುತ್ತಿತ್ತು.

ಅವಳಿಗೆ ಐವತ್ತೊಂದಾದ ವರ್ಷ, ಜೂನ್ ತಿಂಗಳಲ್ಲಿ, ಪತ್ರ ಅಚ್ಚು ಮಾಡಿಸುತ್ತಿದ್ದ ಹಳೆಯ ಸರ್ವರ್ ಯಂತ್ರ ಕಣ್ಣುಮುಚ್ಚಿತು. ಶಾಲೆಗೆ ಸೇರಿಸುವ ಕಾಲ ಅದು. ಹೊರಗಿನ ಬೆಂಚುಗಳ ಮೇಲೆ ಚಳಿಗೆ ಸರೊಂಗು ಹೊದ್ದ ಹೆಂಗಸರು ಬೆಳಿಗ್ಗೆ ಏಳಕ್ಕೇ ಬಂದು ಕೂರುತ್ತಿದ್ದರು. ಹೊಸ ಯಂತ್ರ ಬೇಗನೇ ಬಂತು, ಅದನ್ನು ಒಪ್ಪಬೇಕು. ಸರಬರಾಜುದಾರನ ಕಡೆಯವನೊಬ್ಬ ಬಂದು ಲಿನಕ್ಸಿನ ಅತ್ಯಂತ ತೆಳ್ಳಗಿನ ರೂಪವನ್ನು ಹಾಕಿ, ಹಗುರ ಇದ್ದಷ್ಟೂ ವೇಗ ಎಂದು ಉಪದೇಶ ಕೊಟ್ಟು, ಎರಡು ಬಟ್ಟಲು ಬಿಸಿ ಮೀ ಒಂಗ್ಲೊಕ್ ನೂಡಲ್ಸ್ ಉಂಡು, ಮುಖ್ಯಸ್ಥರಿಂದ ಸಹಿ ಹಾಕಿಸಿಕೊಂಡು ಹೊರಟುಹೋದ. ಅವನು ಹೇಳಿದ್ದು ಸುಳ್ಳಲ್ಲ. ಏನೂ ಇಲ್ಲದ ಯಂತ್ರ ಬಲು ವೇಗವಾಗಿಯೇ ಇತ್ತು.

ಪತ್ರ ಅಚ್ಚು ಮಾಡುವ ತಂತ್ರಾಂಶವನ್ನು ಹೇಗೆ ಹಾಕಬೇಕೆಂದು ಪ್ರಾಂತ್ಯದವರು ಹನ್ನೆರಡು ಪುಟದ ಬಣ್ಣದ ಕೈಪಿಡಿ ಕಳಿಸಿದ್ದರು. ಮೊದಲ ಹನ್ನೊಂದು ಪುಟಗಳಲ್ಲಿ, ಪುಟಕ್ಕೊಂದರಂತೆ, ಅಧಿಕಾರಿಗಳ ಮುನ್ನುಡಿಗಳೂ ನಗುಮುಖಗಳೂ. ಕೊನೆಯ ಪುಟದಲ್ಲಿ, ಜಾಗ ಉಳಿದಿತ್ತಲ್ಲ ಎಂದು ಹಾಕಿದಂತೆ, ಏಳು ಸಾಲಿನ ಆಜ್ಞೆಗಳು.

ಲಿನಕ್ಸ್ ಯಂತ್ರ ಹೊಸ ತಂತ್ರಾಂಶವನ್ನು ಕಂಡಕಂಡಲ್ಲಿಂದ ತರುವುದಿಲ್ಲ. ನಂಬಿಕಸ್ಥ ಉಗ್ರಾಣಗಳ ಪಟ್ಟಿಯೊಂದು ಅದರ ಹತ್ತಿರ ಇರುತ್ತದೆ, ಅಲ್ಲಿಂದ ಮಾತ್ರ ತರುತ್ತದೆ. ಪ್ರಾಂತ್ಯದವರ ತಂತ್ರಾಂಶ ಇದ್ದದ್ದು ಆ ಪಟ್ಟಿಯಲ್ಲಿಲ್ಲದ ಬೇರೊಂದು ಉಗ್ರಾಣದಲ್ಲಿ. ಪಟ್ಟಿಗೆ ಆ ವಿಳಾಸ ಸೇರಿಸು ಎಂದು ಹೇಳುವುದೇ ಏಳರಲ್ಲಿ ಮೊದಲ ಆಜ್ಞೆ: ಆ್ಯಡ್-ಆಪ್ಟ್-ರೆಪಾಸಿಟರಿ.

ಸೋಮವಾರ ಬೆಳಿಗ್ಗೆ ವಾರ್ಸಿತಿ ಅದನ್ನು ಟೈಪ್ ಮಾಡಿದಳು. ಮುಖ್ಯಸ್ಥ ಹೆಂದ್ರಾತ್ಮೊ ಆ ಹೊತ್ತಿಗೆ ಸರಿಯಾಗಿ, ಕೈ ಹಿಂದಕ್ಕೆ ಕಟ್ಟಿಕೊಂಡು, ಅವಳ ಬೆನ್ನ ಹಿಂದೆ ನಿಂತಿದ್ದರು. ಎಲ್ಲ ಯಂತ್ರಗಳೂ ರಾಷ್ಟ್ರಭಾಷೆಯಲ್ಲೇ ಮಾತಾಡಬೇಕೆಂದು ಹಿಂದಿನ ವರ್ಷ ಆದೇಶವಾಗಿತ್ತು. ಆದ್ದರಿಂದ ಯಂತ್ರ ಎಲ್ಲರಿಗೂ ಅರ್ಥವಾಗುವ ಹಾಗೆ ಉತ್ತರ ಕೊಟ್ಟಿತು: ಆಜ್ಞೆ ಸಿಗಲಿಲ್ಲ.

ಹೆಂದ್ರಾತ್ಮೊ ಅದನ್ನು ಎರಡು ಸಲ ಓದಿದರು. ಮೂವತ್ತು ವರ್ಷ ನೌಕರಿ ಮಾಡಿದವರು. ಕುರ್ಚಿ ಕಳೆದರೆ ಬದುಕಬಹುದು, ಆಜ್ಞೆ ಕಳೆದರೆ ಬದುಕಲಾಗದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಯಾರ ಆಜ್ಞೆ ಇದು?" ಎಂದರು ದನಿ ತಗ್ಗಿಸಿ. "ಪ್ರಾಂತ್ಯದ್ದಾ? ಕೊನೇಲಿ ಯಾರ ಕೈಲಿತ್ತು?"

"ಯಾರ ಕೈಲೂ ಇರ್ಲಿಲ್ಲ ಸಾರ್. ಅದು ಕಳೆದಿಲ್ಲ, ಬಂದೇ ಇಲ್ಲ."

"ಬಂದೇ ಇಲ್ದಿದ್ದಕ್ಕೆ ನಾನು ಸಹಿ ಹಾಕಿದೀನಾ?"

ಹೌದು ಎಂದು ಹೇಳುವಷ್ಟು ಅವಳು ಕಾಯಂ ಆಗಿರಲಿಲ್ಲ. ವಿಚಾರಣೆ ಮುಗಿಯುವ ತನಕ ಯಂತ್ರವನ್ನು ಯಾರೂ ಮುಟ್ಟಕೂಡದು, ಅದು ಸಾಕ್ಷ್ಯ ಎಂದು ಹೇಳಿ ಹೆಂದ್ರಾತ್ಮೊ ಹೊರಟರು.

ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ಹಿತ್ತಲ ಬಾಗಿಲ ಹತ್ತಿರ ಮಾತ್ರ. ವಾರ್ಸಿತಿ ಅಲ್ಲಿ ನಿಂತು ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಇದೇ ಪ್ರಶ್ನೆಯನ್ನು ಹನ್ನೊಂದು ವರ್ಷದ ಹಿಂದೆ ಯಾರೋ ಕೇಳಿದ್ದರು. ಮೊದಲು ಉತ್ತರಿಸಿದವನು, ಕಾಗುಣಿತ ಸರಿಯಿದೆಯೇ ನೋಡಿಕೊ ಎಂದಿದ್ದ. ಎರಡನೆಯವನು, ಇಂಥದ್ದು ನಿನಗೆ ಬೇಕೆನಿಸಿದ್ದೇ ತಪ್ಪು ಎಂದಿದ್ದ. ಮೂರನೆಯವನೂ ನಾಲ್ಕನೆಯವನೂ ಯಾವ ಲಿನಕ್ಸ್ ಶ್ರೇಷ್ಠ ಎಂದು ಎರಡು ಪುಟದುದ್ದ ಕೈಕೈ ಮಿಲಾಯಿಸಿದ್ದರು. ಅವರ ಗದ್ದಲದ ಕೆಳಗೆ, ಮುಖದ ಜಾಗದಲ್ಲಿ ಮೀನಿನ ಚಿತ್ರ ಹಾಕಿಕೊಂಡ ಪುಣ್ಯಾತ್ಮನೊಬ್ಬ ಒಂದೇ ಸಾಲು ಬರೆದಿದ್ದ. ಆ ಆಜ್ಞೆ ಇರುವುದು ಸಾಫ್ಟ್‌ವೇರ್-ಪ್ರಾಪರ್ಟೀಸ್-ಕಾಮನ್ ಎಂಬ ಕಟ್ಟಿನೊಳಗೆ, ತೆಳ್ಳಗಿನ ಯಂತ್ರಗಳಲ್ಲಿ ಅದನ್ನು ಬಿಟ್ಟಿರುತ್ತಾರೆ, ಮೊದಲು ಅದನ್ನು ತರಿಸಿಕೊ. ಕೆಳಗೆ ಹತ್ತಾರು ಭಾಷೆಗಳಲ್ಲಿ ಜನ ಅವನಿಗೆ ಕೈಮುಗಿದಿದ್ದರು. ಒಳಗೇನಿದೆ ಎಂದು ಯಾವ ಬಡಪಾಯಿಗೂ ಗೊತ್ತಾಗಬಾರದು ಎಂಬ ಒಂದೇ ಷರತ್ತಿನ ಮೇಲೆ ಆ ಕಟ್ಟಿಗೆ ಹೆಸರಿಟ್ಟ ಹಾಗಿದೆ ಎಂದುಕೊಂಡಳು ವಾರ್ಸಿತಿ.

ಹತ್ತು ನಿಮಿಷದಲ್ಲಿ ಉತ್ತರ ಸಿಕ್ಕಿತ್ತು, ಟೈಪ್ ಮಾಡಲು ಅರ್ಧ ನಿಮಿಷ ಸಾಕಿತ್ತು. ಮುಟ್ಟಲು ಅನುಮತಿ ಮಾತ್ರ ಇರಲಿಲ್ಲ.

ಮಂಗಳವಾರ ಸಮಿತಿ ಕೂತಿತು. ಸಮಿತಿ ಎಂದ ಮೇಲೆ ಪೊಟ್ಟಣದ ತಿಂಡಿ ಬಂತು, ಬಾಳೆಎಲೆಯಲ್ಲಿ ಸುತ್ತಿದ ಅಂಟಕ್ಕಿಯ ಉಂಡೆ ಮತ್ತು ಕಡಲೆಕಾಯಿ. ಕಚೇರಿಯ ದಾಸ್ತಾನು ನೋಡಿಕೊಳ್ಳುವ ವಾಗಿಮಾನ್ ತನ್ನ ದಪ್ಪ ಪುಸ್ತಕ ತಂದ. ಆ ಕಟ್ಟಡದಲ್ಲಿ ಅವನು ಸಂಖ್ಯೆಯ ಚೀಟಿ ಅಂಟಿಸದ ವಸ್ತು ಇರಲಿಲ್ಲ, ಕಸದ ಬುಟ್ಟಿಗೂ ಅದರ ಮುಚ್ಚಳಕ್ಕೂ ಬೇರೆ ಬೇರೆ ಸಂಖ್ಯೆ. ಕಾಣೆಯಾದ ಆಜ್ಞೆಯ ಚೀಟಿ ಸಂಖ್ಯೆ ಯಾವುದು ಎಂದು ಕೇಳಿದ. ಆಜ್ಞೆಗೆ ಚೀಟಿ ಅಂಟಿಸಲು ಬರುವುದಿಲ್ಲ ಎಂದಳು ವಾರ್ಸಿತಿ. ಚೀಟಿಯಿಲ್ಲದೆ ಇಟ್ಟದ್ದರಿಂದಲೇ ಕಳೆದಿದೆ ಎಂದು ಅವನು ತೀರ್ಮಾನ ಹೇಳಿದ. ಸಮಿತಿಗೆ ಅದು ಸರಿಯೆನ್ನಿಸಿತು. ಜಕಾರ್ತಾದಿಂದ ತಜ್ಞರನ್ನು ಕರೆಸುವುದೆಂದೂ, ಅವರು ಬರುವುದು ಮುಂದಿನ ವಾರವೆಂದೂ, ಅಷ್ಟರಲ್ಲಿ ವಾರ್ಸಿತಿ ಹೇಳಿಕೆ ಬರೆದುಕೊಡಬೇಕೆಂದೂ ತೀರ್ಮಾನವಾಯಿತು. ಉಳಿದ ಉಂಡೆಗಳನ್ನು ಸಮಿತಿ ಮನೆಗೆ ಒಯ್ದಿತು.

ಹೊರಗಿನ ಬೆಂಚಿನ ಮೇಲೆ ಪಾರಿನಾ ಅಜ್ಜಿ ಕೂತಿದ್ದಳು. ಮೇಲಿನ ಹಳ್ಳಿಯಿಂದ ತರಕಾರಿ ಗಾಡಿ ಹತ್ತಿ ಬರುವವಳು. ಮಗಳು ಹಾಂಗ್‌ಕಾಂಗಿನಲ್ಲಿ ಮನೆಗೆಲಸಕ್ಕಿದ್ದಳು, ಮೊಮ್ಮಗಳು ಲಿಂತಾಂಗ್ ಅಜ್ಜಿಯ ಸೊಂಟಕ್ಕಂಟಿಕೊಂಡು ಬೆಳೆದವಳು. ಒಂದನೇ ತರಗತಿಗೆ ಹೆಸರು ಹಚ್ಚಲು ಶುಕ್ರವಾರ ಕೊನೆಯ ದಿನ. ಅರ್ಜಿ, ಸಾಕ್ಷಿ, ಸಹಿ ಎಲ್ಲ ಮುಗಿದು ಪತ್ರ ಅಚ್ಚಾಗುವುದೊಂದೇ ಬಾಕಿಯಿತ್ತು. ಅಜ್ಜಿ ದಿನವೂ ಬೇಯಿಸಿದ ಆಲೂಗೆಡ್ಡೆ ಗಂಟು ಕಟ್ಟಿಕೊಂಡು ಬಂದು, ಅಕ್ಕಪಕ್ಕದವರಿಗೂ ಕೊಟ್ಟು ತಾನೂ ತಿಂದು, ಸಂಜೆ ಬರಿಗೈಲಿ ವಾಪಸಾಗುತ್ತಿದ್ದಳು.

ಬುಧವಾರ ಅವಳು ವಾರ್ಸಿತಿಯನ್ನು ಬಾಗಿಲಲ್ಲೇ ತಡೆದಳು. "ಏನವ್ವಾ, ನಿಮ್ಮ ಮಿಸಿನ್ನು ಇವತ್ತಾದ್ರೂ ಎದ್ದೈತಾ?"

"ಎದ್ದೈತೆ ಅಜ್ಜಿ. ಆದ್ರೆ ಅದ್ರ ಆಜ್ಞೆ ಕಳೆದೋರು ಯಾರು ಅಂತ ವಿಚಾರಣೆ ನಡೀತೈತೆ."

"ನನ್ನ ಕೂಸು ಹುಟ್ಟಿ ಏಳು ವರ್ಸ ಆತು. ಕಣ್ಣೆದ್ರಿಗೆ ನಿಂತೈತೆ, ಹಲ್ಲು ಬಿದ್ದೈತೆ. ಹುಟ್ಟೈತೆ ಅಂತ ಬರ್ಕೊಡಕ್ಕೆ ನಿಮ್ಗೆ ಮಿಸಿನ್ನು ಬೇಕಾ?"

ಲಿಂತಾಂಗ್ ತನ್ನ ಬಿದ್ದ ಹಲ್ಲಿನ ಜಾಗವನ್ನು ಸಾಕ್ಷ್ಯವೆಂಬಂತೆ ಬಾಯಿ ತೆರೆದು ತೋರಿಸಿದಳು. ಅಜ್ಜಿ ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬೈಯದೆ ಒಂದು ಆಲೂಗೆಡ್ಡೆ ಕೈಗಿಟ್ಟಳು.

ವಾರ್ಸಿತಿ ಹೇಳಿಕೆ ಬರೆದಳು, ಇದ್ದದ್ದನ್ನು ಇದ್ದ ಹಾಗೆ. ಆಜ್ಞೆ ಕಳೆದಿಲ್ಲ. ಯಂತ್ರದ ಜೊತೆ ಅದು ಬಂದಿರಲಿಲ್ಲ. ಒಂದು ಸಾಲು ಟೈಪ್ ಮಾಡಿದರೆ ಬರುತ್ತದೆ, ಅನುಮತಿ ಕೊಡಬೇಕು. ಮಧ್ಯಾಹ್ನಕ್ಕೆ ಅದು ವಾಪಸ್ ಬಂತು. ನಷ್ಟದ ನಮೂನೆಯಲ್ಲಿ ಕಳವಾಗಿದೆ, ಸುಟ್ಟಿದೆ, ನಿರ್ಲಕ್ಷ್ಯದಿಂದ ಕಳೆದಿದೆ ಎಂದು ಮೂರೇ ಚೌಕಗಳಿದ್ದವು. ಕಳೆದೇ ಇಲ್ಲ ಎನ್ನಲು ಚೌಕವಿರಲಿಲ್ಲ. ಚೌಕವಿಲ್ಲದ್ದನ್ನು ಕಡತ ಸ್ವೀಕರಿಸುವುದಿಲ್ಲ ಎಂದು ವಾಗಿಮಾನ್ ಮೆತ್ತಗೆ ತಿಳಿಸಿದ. ಕೆಟ್ಟ ಮನುಷ್ಯನಲ್ಲ ಅವನು. ಪುಸ್ತಕದ ಹೊರಗಿನದು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೆ.

ಆ ಸಂಜೆ ಅವಳು ಮನೆಗೆ ಹೋಗುವ ಮುಂಚೆ ದಾಸ್ತಾನಿನ ನಿಯಮಗಳ ಪುಸ್ತಕವನ್ನು ಅವನಿಂದ ಕೇಳಿ ಪಡೆದಳು. ಹದಿನೆಂಟು ವರ್ಷದಲ್ಲಿ ಅದನ್ನು ಓದಲು ಕೇಳಿದವರು ಯಾರೂ ಇರಲಿಲ್ಲ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಮುಖ್ಯವಾದ ಪುಟಗಳಿಗೆ ತಾನೇ ಗುರುತಿಟ್ಟುಕೊಟ್ಟ. ಮಿನಿಬಸ್ಸಿನಲ್ಲಿ ಓದಿದಳು, ಗಂಡನ ತೆಂಪೆ ಅಂಗಡಿಯಲ್ಲಿ ಕೂತು ಓದಿದಳು. ನಲವತ್ತೊಂದನೇ ಪುಟದಲ್ಲಿ ಬೇಕಾದದ್ದು ಸಿಕ್ಕಿತು. ನಿರ್ಲಕ್ಷ್ಯದಿಂದ ಸರ್ಕಾರಿ ವಸ್ತುವನ್ನು ಕಳೆದವನು ತಪ್ಪನ್ನು ಲಿಖಿತವಾಗಿ ಒಪ್ಪಿಕೊಂಡಲ್ಲಿ, ಅದೇ ಬಗೆಯ ವಸ್ತುವನ್ನು ಸ್ವಂತ ಖರ್ಚಿನಲ್ಲಿ, ಇಬ್ಬರು ಸಾಕ್ಷಿಗಳ ಎದುರು ತಂದಿಡಬಹುದು. ಅದಕ್ಕೆ ಸಮಿತಿಯ ಅಪ್ಪಣೆ ಬೇಕಿಲ್ಲ.

ಅಂದರೆ ತಪ್ಪು ಮಾಡಿಲ್ಲ ಎನ್ನುವವನಿಗೆ ಯಂತ್ರ ಮುಟ್ಟುವ ಹಕ್ಕಿಲ್ಲ, ತಪ್ಪು ಮಾಡಿದೆ ಎಂದವನಿಗೆ ಇದೆ.

ಗಿಯಾರ್ತೊ ಬಾಣಲೆಯಿಂದ ತಲೆಯೆತ್ತಿ, "ಮಾಡದಿದ್ದ ತಪ್ಪು ಒಪ್ಕೊಂಡ್ರೆ ನಿನ್ನ ಕೆಲಸಕ್ಕೇ ಕುತ್ತು ಬರಲ್ವಾ?" ಎಂದ.

"ಬರೋ ವರ್ಷ ಕಾಯಂ ಆಗೋದು ತಪ್ಪಿಹೋಗ್ಬೋದು," ಎಂದಳು. ಇಬ್ಬರೂ ಸ್ವಲ್ಪ ಹೊತ್ತು ನಕ್ಕರು. ಆದರೆ ಅವಳಿಗೆ ಒಳಗೊಳಗೇ ಭಯವಿತ್ತು. ತಾತ್ಕಾಲಿಕ ನೌಕರರ ಒಪ್ಪಂದ ಪ್ರತಿ ಡಿಸೆಂಬರಿನಲ್ಲಿ ಹೊಸದಾಗಬೇಕು, ಹೊಸದು ಮಾಡದಿರಲು ಯಾರೂ ಕಾರಣ ಕೊಡಬೇಕಾಗಿಲ್ಲ. ಈಗ ಕಾರಣವನ್ನೂ ತಾನೇ ಬರೆದುಕೊಡಲು ಹೊರಟಿದ್ದಳು. ಬೆಳಗಾದ ಮೇಲೂ ಆ ಭಯ ಹೋಗಿರಲಿಲ್ಲ. ಕಚೇರಿಯ ಬೆಂಚಿನ ಮೇಲೆ ಅಜ್ಜಿಯ ಗಂಟು ಕಂಡ ಮೇಲೆ, ಭಯವನ್ನು ಇಟ್ಟುಕೊಂಡೇ ಒಳಗೆ ಹೋದಳು.

ಗುರುವಾರ ಹತ್ತು ಗಂಟೆಗೆ ಮೂರನೇ ಚೌಕಕ್ಕೆ ಗುರುತು ಹಾಕಿ, ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ, ಅದರ ಮೇಲೆ ಸಹಿ ಮಾಡಿದಳು. ತನ್ನ ನಿರ್ಲಕ್ಷ್ಯದಿಂದ ಒಂದು ಆಜ್ಞೆ ಕಳೆದಿದೆ, ಅದನ್ನು ತಾನೇ ತಂದಿಡುತ್ತೇನೆ. ಹೆಂದ್ರಾತ್ಮೊ ಓದುತ್ತ ಓದುತ್ತ ಅವರ ಮುಖದ ಗಂಟುಗಳು ಒಂದೊಂದಾಗಿ ಸಡಿಲಾದವು. ತಪ್ಪಿಗೆ ವಾರಸುದಾರರು ಸಿಕ್ಕಿದ್ದರು. ಅಲ್ಲಿಂದ ಮುಂದೆ ಅವರು ತಂದೆಯಂತೆ ಮಾತಾಡಿದರು.

"ಮನುಷ್ಯರು ಅಂದ್ಮೇಲೆ ತಪ್ಪು ಆಗತ್ತಮ್ಮ. ಒಪ್ಕೊಂಡ್ರಲ್ಲ, ಅದು ದೊಡ್ಡತನ. ಹೊಸದು ಎಲ್ಲಿಂದ ತರ್ತೀರಿ?"

"ಉಗ್ರಾಣದಿಂದ ಸಾರ್."

"ಕದ್ದ ಮಾಲಲ್ಲ ತಾನೆ?"

ಅಲ್ಲ ಎಂದು ಅವಳು ಭರವಸೆ ಕೊಟ್ಟಳು.

ಸಾಕ್ಷಿಗಳಾಗಿ ವಾಗಿಮಾನ್ ಮತ್ತು ಚಹಾ ಕಾಯಿಸುವ ಸುಪಾತ್ಮಿ ಬಂದು ನಿಂತರು. ವಾರ್ಸಿತಿ ಆ ಕಟ್ಟನ್ನು ತರುವಂತೆ ಟೈಪ್ ಮಾಡಿದಳು. ಯಂತ್ರ ಕ್ಷಣವೂ ಯೋಚಿಸದೆ ಉತ್ತರಿಸಿತು: ಕಟ್ಟು ಸಿಗಲಿಲ್ಲ.

ವಾಗಿಮಾನ್ ನಿಟ್ಟುಸಿರುಬಿಟ್ಟು ಚೀಲದಿಂದ ಎರಡನೆಯ ನಷ್ಟದ ನಮೂನೆ ತೆಗೆದ. "ಇದು ಕಳವಾ, ನಿರ್ಲಕ್ಷ್ಯಾನಾ?" ಎಂದು ಪೆನ್ನು ಬಿಚ್ಚಿಕೊಂಡು ಕೇಳಿದ.

ಮೀನಿನ ಚಿತ್ರದವನು ಸುಳ್ಳು ಹೇಳಿದನೇ ಎಂದು ಒಂದು ಗಳಿಗೆ ವಾರ್ಸಿತಿಗೆ ಅನ್ನಿಸಿತು. ಆಮೇಲೆ ಹೊಳೆಯಿತು. ಯಂತ್ರ ಹೊಸದು. ಉಗ್ರಾಣಗಳ ವಿಳಾಸ ಅದಕ್ಕೆ ಗೊತ್ತು, ಆದರೆ ಒಳಗೆ ಏನೇನಿದೆ ಎಂದು ಅದು ಒಮ್ಮೆಯೂ ಹೋಗಿ ನೋಡಿಲ್ಲ. ಸರಬರಾಜುದಾರನ ಮನುಷ್ಯನಿಗೆ ಮೀ ಒಂಗ್ಲೊಕ್‌ನ ಅವಸರವಿತ್ತು. ಹೋಗಿ ನೋಡಿಕೊಂಡು ಬಾ ಎನ್ನುವ ಆಜ್ಞೆಯನ್ನು, ಆಪ್ಟ್ ಅಪ್‌ಡೇಟ್ ಎಂದು, ಬರೆದು ಒತ್ತಿದಳು. ಬೆಟ್ಟದೂರಿನ ಇಂಟರ್ನೆಟ್ ಕೆಮ್ಮುತ್ತ ಕ್ಯಾಕರಿಸುತ್ತ ಹೊರಟಿತು. ಸಾಲುಗಳು ಒಂದೊಂದೇ ಏರಿದವು. ಸುಪಾತ್ಮಿ ಹೋಗಿ ಚಹಾ ತಂದಳು. ಚಹಾ ಮುಗಿದಾಗ ಪಟ್ಟಿಯೂ ಮುಗಿದಿತ್ತು.

ಮತ್ತೆ ಸಾಫ್ಟ್‌ವೇರ್-ಪ್ರಾಪರ್ಟೀಸ್-ಕಾಮನ್ ಎಂದು ಟೈಪ್ ಮಾಡಿದಳು. ಈ ಸಲ ಯಂತ್ರ, ಇದನ್ನು ಇಳಿಸಲೇ ಎಂದು ಮರ್ಯಾದೆಯಿಂದ ಕೇಳಿತು. ಹೌದು ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಆ ಕಚೇರಿಯಲ್ಲಿ ಅವಳ ಅಪ್ಪಣೆ ಕೇಳಿದ್ದು ಅದೊಂದೇ. ಕಟ್ಟು ಇಳಿದು ಬಿಚ್ಚಿಕೊಂಡಿತು. ಆ್ಯಡ್-ಆಪ್ಟ್-ರೆಪಾಸಿಟರಿ ಎಂದು ಬರೆದು, ಪ್ರಾಂತ್ಯದವರ ವಿಳಾಸ ಸೇರಿಸಿ ಒತ್ತಿದಾಗ ಯಂತ್ರ ತುಟಿಪಿಟಕ್ಕೆನ್ನದೆ ಕೆಲಸ ಮಾಡಿತು. ಉಳಿದ ಆರು ಸಾಲುಗಳಿಗೂ ತಕರಾರು ಬರಲಿಲ್ಲ.

ವಾಗಿಮಾನ್ ಬಂದ ವಸ್ತುವನ್ನು ಪುಸ್ತಕದಲ್ಲಿ ಬರೆದುಕೊಂಡ. ಅಳತೆ, ಬಣ್ಣ ಎಂಬ ಕಾಲಮುಗಳ ಮುಂದೆ ಸ್ವಲ್ಪ ಹೊತ್ತು ತಡೆದು, ಪರದೆಯನ್ನು ನೋಡಿ, ಬಣ್ಣ ಕಪ್ಪು ಎಂದು ಬರೆದ. ಸಂಖ್ಯೆಯ ಚೀಟಿಯನ್ನು ಎಲ್ಲಿ ಅಂಟಿಸುವುದು ಎಂಬುದು ಅವನಿಗೆ ದೊಡ್ಡ ಚಿಂತೆಯಾಯಿತು. ಕೊನೆಗೆ ಆಜ್ಞೆ ಕಾಣಿಸಿಕೊಂಡಿದ್ದ ಜಾಗಕ್ಕೇ, ಪರದೆಯ ಗಾಜಿನ ಮೇಲೆ, ಅಂಟಿಸಿ ಸಮಾಧಾನಪಟ್ಟ.

ಸಂಜೆಯೊಳಗೆ ನೂರೆಂಟು ಪತ್ರ ಅಚ್ಚಾದವು. ಪಾರಿನಾ ಅಜ್ಜಿಗೆ ಓದಲು ಬಾರದು. ಪತ್ರವನ್ನು ಬೆಳಕಿಗೆ ಹಿಡಿದು, ಮುದ್ರೆಯನ್ನು ಬೆರಳಲ್ಲಿ ತಡವಿ, ಮೊಮ್ಮಗಳ ಮುಖದ ಪಕ್ಕ ಇಟ್ಟು ನೋಡಿದಳು. "ಹುಟ್ಟಿದ್ಯಲ್ಲೇ," ಎಂದಳು ಅವಳಿಗೆ. ವಾರ್ಸಿತಿ ಹಿತ್ತಲ ಬಾಗಿಲಿಗೆ ಹೋಗಿ ಸ್ವಲ್ಪ ಹೊತ್ತು ಬೆಟ್ಟದ ಕಡೆ ಮುಖ ಮಾಡಿ ನಿಂತಳು. ಅಲ್ಲಿ ಅವಳನ್ನು ನೋಡುವವರು ಯಾರೂ ಇರಲಿಲ್ಲ.

ಮುಂದಿನ ವಾರ ಜಕಾರ್ತಾದ ತಜ್ಞರು ಬಂದರು. ಆಜ್ಞೆ ಇರಬೇಕಾದ ಜಾಗದಲ್ಲಿಯೇ ಇದೆ ಎಂದು ಪರೀಕ್ಷಿಸಿ ವರದಿ ಬರೆದರು. ಬ್ಯಾನರ್ ಕಟ್ಟಿಸಿ ಎಲ್ಲರೂ ಫೋಟೊ ತೆಗೆಸಿಕೊಂಡರು. ಫೋಟೊ ತೆಗೆದವಳು ವಾರ್ಸಿತಿಯಾದ್ದರಿಂದ ಅವಳು ಅದರಲ್ಲಿಲ್ಲ. ಆ ತಿಂಗಳ ಕೊನೆಗೆ ಅವಳಿಗೆ ಎರಡು ಲಕೋಟೆ ಬಂದವು. ಒಂದರಲ್ಲಿ, ಸರ್ಕಾರಿ ಆಸ್ತಿಯನ್ನು ನಿರ್ಲಕ್ಷ್ಯದಿಂದ ಕಳೆದದ್ದಕ್ಕೆ ಲಿಖಿತ ಎಚ್ಚರಿಕೆ. ಇನ್ನೊಂದರಲ್ಲಿ, ಅದನ್ನು ತ್ವರಿತವಾಗಿ ತಂದಿಟ್ಟದ್ದಕ್ಕೆ ಶ್ಲಾಘನಾಪತ್ರ. ಎರಡಕ್ಕೂ ಒಂದೇ ಪೆನ್ನಿನ ಸಹಿ.

ಶ್ಲಾಘನಾಪತ್ರದಿಂದ ಏನೂ ಆಗಲಿಲ್ಲ. ಅದನ್ನು ಗಿಯಾರ್ತೊ ತೆಂಪೆ ಅಂಗಡಿಯಲ್ಲಿ ತೂಗುಹಾಕಿದ, ಎಣ್ಣೆ ಹೊಗೆಗೆ ಬೇಗ ಹಳದಿಯಾಯಿತು. ಕೆಲಸಕ್ಕೆ ಬಂದದ್ದು ಎಚ್ಚರಿಕೆಯ ಪತ್ರ. ಅಕ್ಟೋಬರಿನಲ್ಲಿ ತಾತ್ಕಾಲಿಕ ನೌಕರರನ್ನು ಕಾಯಂ ಹುದ್ದೆಗೆ ತೆಗೆದುಕೊಳ್ಳಲು ಹೊಸ ನಿಯಮ ಬಂತು. ಅಭ್ಯರ್ಥಿಯ ವಶದಲ್ಲಿ ಸರ್ಕಾರಿ ಆಸ್ತಿ ಇತ್ತೆಂದು ದಾಖಲೆ ತೋರಿಸಬೇಕಿತ್ತು. ವಾರ್ಸಿತಿಯನ್ನು ಬಿಟ್ಟು ಹದಿನಾಲ್ಕು ಜನ ತಾತ್ಕಾಲಿಕರಿದ್ದರು. ಅವರು ವರ್ಷಗಟ್ಟಲೆ ಬಾಗಿಲು, ಬೀಗ, ಬೀರು, ಯಂತ್ರ ಎಲ್ಲ ಕಾದಿದ್ದರೂ ಯಾರೂ ಏನನ್ನೂ ಕಳೆದಿರಲಿಲ್ಲ, ಹಾಗಾಗಿ ಯಾರ ಹತ್ತಿರವೂ ಏನೂ ಇತ್ತೆಂಬುದಕ್ಕೆ ಕಾಗದವಿರಲಿಲ್ಲ. ವಾರ್ಸಿತಿಯ ಹತ್ತಿರ ಮಾತ್ರ ಮುದ್ರೆಯೊತ್ತಿದ ಪುರಾವೆ ಇತ್ತು. ಅವಳ ಹೆಸರು ಪಟ್ಟಿಗೆ ಹೋಯಿತು, ಒಪ್ಪಿಗೆಯಾಗಿ ಬಂತು. ಉಳಿದವರು ಸಿಹಿ ಹಂಚು ಎಂದು ಕಾಡಿದರು. ಅವರಲ್ಲಿ ಅರ್ಧ ಜನ ಮನಸ್ಸಿನಲ್ಲೇ ತಾವೇನು ಕಳೆಯಬಹುದೆಂದು ಸುತ್ತಲೂ ಕಣ್ಣಾಡಿಸುತ್ತಿದ್ದರು. ವಾರ್ಸಿತಿಗೆ ಸಂತೋಷವಾಯಿತು. ಜೊತೆಗೆ, ನಿಯತ್ತಾಗಿ ಕಳೆದ ಇಪ್ಪತ್ತೆರಡು ವರ್ಷ ಲೆಕ್ಕಕ್ಕಿಲ್ಲದೆ ಮಾಡದ ತಪ್ಪೊಂದೇ ಲೆಕ್ಕಕ್ಕೆ ಬಂತಲ್ಲ ಎಂದು ಎದೆಯಲ್ಲಿ ಏನೋ ಚುಚ್ಚಿತು. ಎರಡನ್ನೂ ಒಟ್ಟಿಗೆ ನುಂಗಿಕೊಂಡಳು.

ಪ್ರಾಂತ್ಯದ ಕೈಪಿಡಿಯ ಕೊನೆಯ ಪುಟದಲ್ಲಿ, ಏಳು ಸಾಲುಗಳಿಗಿಂತ ಮುಂಚೆ ಬೇಕಾದ ಎರಡು ಸಾಲುಗಳನ್ನು ಅವಳು ಪೆನ್ನಿನಿಂದ ಬರೆದು ಸೆಮರಾಂಗಿಗೆ ಕಳಿಸಿದಳು. ಉತ್ತರ ಬರಲಿಲ್ಲ. ಎರಡನೆಯ ಮುದ್ರಣ ಬಂದಾಗ ಅದರಲ್ಲಿ ಹೊಸದಾಗಿ ಇದ್ದದ್ದು ಹನ್ನೆರಡನೆಯ ಮುನ್ನುಡಿ. ಹೀಗಾಗಿ ಹೊಸ ಯಂತ್ರ ಬಂದ ಕಚೇರಿಗಳಲ್ಲೆಲ್ಲ ಆಜ್ಞೆಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಹೇಗೋ ಅವಳ ನಂಬರು ಕೈಯಿಂದ ಕೈಗೆ ಹೋಯಿತು. ಒಂದು ಮಧ್ಯಾಹ್ನ ಕರಾವಳಿಯ ಯಾವುದೋ ಪಟ್ಟಣದಿಂದ ಹೆಂಗಸೊಬ್ಬಳು ಫೋನ್ ಮಾಡಿದಳು. ಸಮಿತಿ ಕೂತಿದೆ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ಅವಳು ಪಿಸುಗುಟ್ಟುತ್ತಿದ್ದಳು.

"ನಿಮ್ದು ಕಾಯಂ ಕೆಲಸಾನಾ?" ಎಂದು ಕೇಳಿದಳು ವಾರ್ಸಿತಿ.

ಅಲ್ಲ, ಒಂಬತ್ತು ವರ್ಷದಿಂದ ತಾತ್ಕಾಲಿಕ ಎಂದಳು ಆ ಹೆಂಗಸು.

"ಹಂಗಾದ್ರೆ ಪೆನ್ನು ತಗೊಳ್ಳಿ ಅಕ್ಕ, ಎರಡು ಸಾಲು ಹೇಳ್ತೀನಿ ಬರ್ಕೊಳ್ಳಿ. ಆಮೇಲೆ ನಿಯಮದ ಪುಸ್ತಕದ ನಲವತ್ತೊಂದನೇ ಪುಟ ತೆಗೀರಿ."